ಚರ್ಚ್ ಹಿಂದಿನ ತೋಟ, ಅದರ ಬೀಗದ ಕೈ: ಡರ್ಹಮ್‌ನಲ್ಲಿ ನಮ್ಮ ಅನುಭವ

ನಾನು ಬೀದರ್ ಕಡೆಯ ಮೆಥಡಿಸ್ಟ್ (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಮನೆತನದವಳು, ಈಗ ಇರೋದು ಅಮೆರಿಕದ ನಾರ್ತ್ ಕ್ಯಾರೊಲಿನಾದ ಡರ್ಹಮ್‌ನಲ್ಲಿ. ನಾವು ಹೋಗೋ ಚರ್ಚಿನಲ್ಲಿ ಹೆಚ್ಚಿನವರು ಬಿಳಿಯರು. ಅದರ ಹಿಂದೆ ಸುಮ್ನೆ ಹುಲ್ಲು ಬೆಳೆದು ಬಿದ್ದಿದ್ದ ಜಾಗದಲ್ಲಿ ನಾವೂ ಪಕ್ಕದ ಬೀದಿಯ ಬ್ಲ್ಯಾಕ್ ಚರ್ಚಿನವರೂ ಸೇರಿ ತೋಟ ಮಾಡಿದೀವಿ. ಹತ್ತಿರದ ಕೇರಿ (Cary), ಮೋರಿಸ್‌ವಿಲ್ ಊರುಗಳ ಕಡೆಯ ನಮ್ಮ ಕನ್ನಡದವರು ಬಂದಾಗೆಲ್ಲ ಏನ್ ಬೆಳೀತೀರಿ, ಹೆಂಗ್ ಬೆಳೀತೀರಿ ಅಂತ ಕೇಳ್ತಾರೆ, ಅದನ್ನೂ ಹೇಳ್ತೀನಿ, ಆದ್ರೆ ನಮಗೆ ಜಾಸ್ತಿ ಟೈಮ್ ಹಿಡಿದಿದ್ದು ಬೆಳೆ ಅಲ್ಲ, ಜಾಗದ ಮಾತು.

ಎರಡೂ ಚರ್ಚ್ ಮೆಥಡಿಸ್ಟೇ, ಹಾಡೋ ಹಾಡಲ್ಲಿ ಅರ್ಧ ಒಂದೇ, ಆದ್ರೂ ಭಾನುವಾರ ಇವರು ಇಲ್ಲಿ ಅವರು ಅಲ್ಲಿ. ಹಿಂದೆ ಫಿಲಡೆಲ್ಫಿಯಾದ ಮೆಥಡಿಸ್ಟ್ ಚರ್ಚಿನಲ್ಲಿ ಪ್ರಾರ್ಥನೆಗೆ ಮೊಣಕಾಲೂರಿದ್ದ ಬ್ಲ್ಯಾಕ್ ಜನರನ್ನ ಎಳೆದೆಬ್ಬಿಸಿದ್ರು ಅಂತ ಬ್ಲ್ಯಾಕ್ ಬೋಧಕ ರಿಚರ್ಡ್ ಅಲೆನ್ ಮತ್ತೆ ಅವರ ಜೊತೆಯವರು ಹೊರಗೆ ನಡೆದುಬಿಟ್ರು, 1816ರಲ್ಲಿ ಅವರದ್ದೇ ಎಎಂಇ (ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್) ಚರ್ಚ್ ಆಯ್ತು. ತೀರಾ ಹಳೇದು ಅನ್ನೋ ಹಾಗೂ ಇಲ್ಲ, 1939ರಲ್ಲಿ ಇಲ್ಲಿನ ಮೆಥಡಿಸ್ಟ್ ಪಂಗಡಗಳು ಒಂದಾದಾಗ ತಮ್ಮೊಳಗಿದ್ದ ಬ್ಲ್ಯಾಕ್ ಸಭೆಗಳನ್ನ ಸೆಂಟ್ರಲ್ ಜೂರಿಸ್‌ಡಿಕ್ಷನ್ ಅಂತ ಬೇರೇನೇ ಇಟ್ರು, ಅದು ಹೋಗಿದ್ದು 1968ರಲ್ಲಿ. ಊರ ಹೊರಗಿನ ಕೇರಿಯಲ್ಲಿ ಹುಟ್ಟಿದೋಳು ನಾನು, ಇದನ್ನ ಯಾರೂ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮಜ್ಜನ ಕಾಲದಲ್ಲಿ ದುಡಿಮೆ ನಮ್ಮದು, ಹೊಲ ಬೇರೆಯವರದ್ದು.

ತೋಟ ಶುರು ಮಾಡೋಕೆ ಮುಂಚೆ ನಾವು ಹತ್ತಿರದ ಸೀಡರ್ ಗ್ರೋವ್‌ಗೆ ಹೋಗಿ ಅನಾತೋತ್ ತೋಟ ನೋಡ್ಕೊಂಡ್ ಬಂದ್ವಿ. ಅಲ್ಲಿ 2004ರಲ್ಲಿ ಅಂಗಡಿ ಇಟ್ಟಿದ್ದ ಒಬ್ಬರ ಕೊಲೆ ಆಯ್ತು, ಊರು ಕಂಗಾಲಾಗಿದ್ದಾಗ ಒಬ್ಬ ಬ್ಲ್ಯಾಕ್ ಮಹಿಳೆ ತಮ್ಮ ಐದು ಎಕರೆಯನ್ನ ಬಿಳಿಯರೇ ಹೆಚ್ಚಿದ್ದ ಮೆಥಡಿಸ್ಟ್ ಚರ್ಚಿಗೆ ಕೊಟ್ಟು ಎಲ್ಲರೂ ಸೇರಿ ಬೆಳೀರಿ ಅಂದ್ರು. ತೋಟದ ಹೆಸರು ಬೈಬಲ್ಲಿನ ಯೆರೆಮೀಯನ ಪುಸ್ತಕದ 32ನೇ ಅಧ್ಯಾಯದ್ದು, ಯೆರೂಸಲೇಮಿಗೆ ಮುತ್ತಿಗೆ ಬಿದ್ದಿರುವಾಗ ಪ್ರವಾದಿ ಅನಾತೋತ್‌ನಲ್ಲಿ ಹೊಲ ಕೊಳ್ತಾನೆ, ಬೆಳ್ಳಿ ತೂಗಿ ಕೊಡ್ತಾನೆ, ಪತ್ರಕ್ಕೆ ಸಾಕ್ಷಿ ಹಾಕಿಸ್ತಾನೆ, ಅದು ಹಾಳಾಗದೇ ಇರ್ಲಿ ಅಂತ ಮಣ್ಣಿನ ಪಾತ್ರೆಯಲ್ಲಿ ಇಡಿಸ್ತಾನೆ. ಚಿಕ್ಕಂದಿನಿಂದ ಕೇಳಿದ ಕಥೆ, ಆದ್ರೆ ಪತ್ರ ಮಾಡಿಸಿದ ಮಾತು ನನ್ನ ಕಿವಿಗೆ ಸರಿಯಾಗಿ ಬಿದ್ದಿದ್ದು ಆವತ್ತೇ.

ವಾಪಸ್ ಬಂದ ಮೇಲೆ ನಮ್ಮ ಚರ್ಚಿನ ಮೀಟಿಂಗಲ್ಲಿ ಪಕ್ಕದ ಚರ್ಚಿನ ಡೀಕನ್ ಒಬ್ಬರು (ಡೀಕನ್ ಅಂದ್ರೆ ಚರ್ಚಿನ ಸೇವೆಗೆ ನೇಮಕವಾದವರು; ಇವರು ವಯಸ್ಸಾದವರು, ನಾವೆಲ್ಲ ಡೀಕನ್ ಅಂತಾನೇ ಕರಿಯೋದು) ಮೂರು ವಿಷಯ ಕೇಳಿದ್ರು. ಗೇಟಿನ ಬೀಗದ ಕೈ ಯಾರ ಹತ್ರ, ದುಡ್ಡಿನ ಲೆಕ್ಕ ಯಾರದ್ದು, ನಾಳೆ ನೀವು ಪಾರ್ಕಿಂಗ್ ಮಾಡ್ಬೇಕು ಅಂದ್ರೆ ನಮ್ಮ ಗತಿ ಏನು. ನಮ್ಮವರಲ್ಲಿ ಕೆಲವರಿಗೆ ಬೇಜಾರಾಯ್ತು, ಪ್ರೀತಿಯಿಂದ ಕೊಡ್ತಿರೋದಕ್ಕೆ ಪತ್ರ ಯಾಕೆ ಅಂದ್ರು. ಆದ್ರೆ ಅವರು ಕೇಳಿದ್ದು ಸುಮ್ನೆ ಅಲ್ಲ. ಈ ಡರ್ಹಮ್‌ನಲ್ಲೇ ಹೇಟೈ ಅಂತ ಬ್ಲ್ಯಾಕ್ ಜನರ ಬಡಾವಣೆ ಇತ್ತು, ಅವರದ್ದೇ ಅಂಗಡಿ ಮನೆ ಚರ್ಚು ಎಲ್ಲಾ, 1960ರ ದಶಕದಿಂದ ಅರ್ಬನ್ ರಿನ್ಯೂವಲ್ (ನಗರ ನವೀಕರಣ) ಅಂತ ಹೇಳಿ ಕೆಡವಿ ನಡುವೆ ಹೈವೇ 147 ಹಾಕಿದ್ರು, ಡೀಕನ್ ಮನೆಯೂ ಹೋಗಿದ್ದು ಅದರಲ್ಲೇ. ಹೊಲದ ಕಥೆಯೂ ಇದೇ, 1920ರಲ್ಲಿ ದೇಶದಲ್ಲಿ ಸುಮಾರು 9 ಲಕ್ಷ 25 ಸಾವಿರ ಬ್ಲ್ಯಾಕ್ ರೈತರಿದ್ರು, 2017ರ ಕೃಷಿ ಗಣತಿಯಲ್ಲಿ 50 ಸಾವಿರವೂ ಇಲ್ಲ. ಸಾಲ ಕೊಡೋದ್ರಲ್ಲಿ ಭೇದ ಮಾಡ್ತಾರೆ ಅಂತ ಸರ್ಕಾರದ ಕೃಷಿ ಇಲಾಖೆ ಮೇಲೆ ಕೇಸ್ ಹಾಕಿದ ಪಿಗ್‌ಫರ್ಡ್ ಕೂಡ ಇದೇ ರಾಜ್ಯದ ರೈತ, 1999ರಲ್ಲಿ ಅದರ ಒಪ್ಪಂದ ಆಯ್ತು.

ಆ ಮೀಟಿಂಗಲ್ಲಿ ನಾನೂ ಎದ್ದು ನಿಂತು ನಮ್ಮಜ್ಜನ ವಿಷಯ ಹೇಳಿದೆ. ಬಾಯಿಮಾತಲ್ಲಿ ಕೊಟ್ಟಿದ್ದನ್ನ ಬಾಯಿಮಾತಲ್ಲೇ ಕಿತ್ಕೋಬಹುದು ಅಂದೆ. ಮಾತುಕತೆ ಒಂದು ಚಳಿಗಾಲ ಪೂರ್ತಿ ನಡೀತು, ಕೊನೆಗೆ ಬರಹದಲ್ಲಿ ಲೀಸ್ ಆಯ್ತು, ತೋಟದ ಕಮಿಟಿಯಲ್ಲಿ ಪಕ್ಕದ ಚರ್ಚಿನವರೇ ಹೆಚ್ಚು, ಲೆಕ್ಕ ಅವರ ಖಜಾಂಚಿ ಹತ್ರ, ನೀರಿನ ಬಿಲ್ ನಮ್ಮ ಚರ್ಚಿಂದು, ಬೀಗದ ಕೈ ಡೀಕನ್ ಹತ್ರ. ಒಂದು ಗುದ್ದಲಿ ಏಟು ಬಿದ್ದಿದ್ದು ಇದೆಲ್ಲ ಆದ ಮೇಲೇನೇ, ಅದು ಸರಿ ಅಂತಾನೇ ನನ್ನ ಗಟ್ಟಿ ಅಭಿಪ್ರಾಯ.

ಮಣ್ಣು ಕೆಂಪು ಜೇಡಿ. ಏಪ್ರಿಲ್‌ನಿಂದ ನವೆಂಬರ್ ತನಕ ರಾಜ್ಯದ ಲ್ಯಾಬ್‌ನಲ್ಲಿ ಮಣ್ಣಿನ ಟೆಸ್ಟ್ ಫ್ರೀ, ಪಿಎಚ್ (ಮಣ್ಣಿನ ಹುಳಿ ಎಷ್ಟು ಅಂತ), ಪೋಷಕಾಂಶ ಎಲ್ಲಾ ಹೇಳ್ತಾರೆ. ಸೀಸದ್ದು (ಲೆಡ್, ವಿಷದ ಲೋಹ) ಮಾತ್ರ ನಾವು ಬೇರೆ ಕಡೆ ಮಾಡಿಸಿದ್ವಿ, ದಯವಿಟ್ಟು ಇದನ್ನ ಬಿಡಬೇಡಿ. ಇಲ್ಲಿ ಮನೆ ಪೇಂಟಲ್ಲಿ ಸೀಸ ಹಾಕೋದು ನಿಂತಿದ್ದೇ 1978ರಲ್ಲಿ, ಹಳೇ ಗೋಡೆ ಬುಡದಲ್ಲಿ ಅದು ಉದುರಿ ಕೂತಿರತ್ತೆ. ಮನೆ ಹಿತ್ತಲಿನ ಮಣ್ಣಲ್ಲಿ 400 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 400) ದಾಟಿದ್ರೆ ಎಚ್ಚರ ಅಂತ ಇದ್ದಿದ್ದನ್ನ ಪರಿಸರ ಇಲಾಖೆ 2024ರಲ್ಲಿ 200ಕ್ಕೆ ಇಳಿಸಿದೆ. ಗೋಡೆ ಪಕ್ಕದ ಪಟ್ಟಿಯಲ್ಲಿ ನಾವು ತಿನ್ನೋದೇನೂ ಹಾಕಲ್ಲ, ಹೂವು ಮಾತ್ರ. ಮಿಕ್ಕ ಕಡೆ ರಟ್ಟು ಹಾಸಿ ಮೇಲೆ ಮರದ ಹಲಗೆ ಕಟ್ಟಿ ಹೊಸ ಮಣ್ಣು ಕಾಂಪೋಸ್ಟ್ ತುಂಬಿದ್ವಿ.

ಏನ್ ಹಾಕ್ಬೇಕು ಅಂತ ಹೇಳಿದ್ದು ಪಕ್ಕದ ಬ್ಲ್ಯಾಕ್ ಚರ್ಚಿನ ಹಿರಿಯ ಹೆಂಗಸರು. ಬೆಂಡೆ, ಅಲಸಂದೆ, ಸಿಹಿಗೆಣಸು, ಚಳಿಗಾಲಕ್ಕೆ ಕಾಲರ್ಡ್ ಸೊಪ್ಪು (ಕೋಸಿನ ಜಾತಿಯದ್ದು). ಬೆಂಡೆ ಬೀಜ ರಾತ್ರಿ ನೆನೆಹಾಕಿ ಮೇ ತಿಂಗಳಲ್ಲಿ ಮಣ್ಣು ಬೆಚ್ಚಗಾದ ಮೇಲೆ ಹಾಕ್ಬೇಕು, ಅವಸರ ಮಾಡಿದ್ರೆ ಕೊಳೆತು ಹೋಗತ್ತೆ. ಇಲ್ಲಿ ಎಲ್ಲಾ ಕಡೆ ಸಿಗೋ ಕ್ಲೆಮ್ಸನ್ ಸ್ಪೈನ್‌ಲೆಸ್ ತಳಿ ಸಾಕು. ಅಲಸಂದೆ ಮಣ್ಣಿಗೇ ಸಾರಜನಕ ಕೊಡತ್ತೆ, ಹತ್ತಿ ಬೆಳೆದು ಬೆಳೆದು ಸೋತ ಹೊಲಕ್ಕೆ ಇದನ್ನ ಹಾಕಿ ಅಂತ ಅಲಬಾಮಾದ ಟಸ್ಕೀಗಿಯಲ್ಲಿ ಬ್ಲ್ಯಾಕ್ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ನೂರು ವರ್ಷದ ಹಿಂದೇನೇ ಹೇಳ್ತಿದ್ರು. ನಾನು ಒಂದು ಮೂಲೆ ಕೇಳಿ ರಾಗಿ ಹಾಕಿದೆ, ತೆನೆ ಚೆನ್ನಾಗಿ ಬಂತು. ರಾಗಿ, ಜೋಳ, ಅಲಸಂದೆ ಎಲ್ಲಾ ಆಫ್ರಿಕಾದಿಂದಾನೇ ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂದಿದ್ದು ಅಂದಾಗ ಅಲ್ಲಿದ್ದ ಒಬ್ಬಮ್ಮ ತೆನೆ ಕೈಯಲ್ಲಿ ಹಿಡ್ಕೊಂಡು ಹಾಗಾದ್ರೆ ಇದೂ ನಮ್ಮದೇ ಅಂದ್ರು. ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿ ಜನರ ಬಗ್ಗೆ ಹೇಳಿದ ಮೇಲಂತೂ ಅವರ ಪ್ರಶ್ನೆ ಮುಗೀಲೇ ಇಲ್ಲ.

ಮಾತುಕತೆಗೆ ಅಂತ ನಾವು ಕಾರ್ಯಕ್ರಮ ಇಡಲ್ಲ. ಶನಿವಾರ ಕಳೆ ಕಿತ್ತು ಆದ ಮೇಲೆ ಮರದ ಕೆಳಗೆ ಕೂತಾಗ ಯಾರಿಗೆ ಏನ್ ಹೇಳ್ಬೇಕು ಅನ್ಸತ್ತೋ ಹೇಳ್ತಾರೆ. ಒಂದೇ ಕಟ್ಟುಪಾಡು, ಯಾರೂ ಯಾರ ಹತ್ರಾನೂ ಕ್ಷಮಿಸಿಬಿಡಿ ಅಂತ ಕೇಳೋ ಹಾಗಿಲ್ಲ. ಕ್ಷಮೆ ಅವಸರ ಮಾಡಿ ಕೇಳಿದ್ರೆ ಅದು ನೋವು ತಿಂದವರ ಮೇಲೆ ಇನ್ನೊಂದು ಭಾರ, ನಮ್ಮೂರಲ್ಲೂ ಅದನ್ನೆಲ್ಲ ಮರೀರಿ ಅಂತ ಹೇಳಿದವರನ್ನ ನಾನು ಬೇಕಾದಷ್ಟು ನೋಡಿದೀನಿ. ಡಿಸೆಂಬರ್ 31ರ ವಾಚ್ ನೈಟ್ ಆರಾಧನೆ ಮಾತ್ರ ಈಗ ಎರಡೂ ಚರ್ಚಿನವರು ಸೇರಿ ಮಾಡ್ತೀವಿ. ಬೀದರಲ್ಲಿ ನಮಗೆ ಅದು ಹೊಸ ವರ್ಷದ ರಾತ್ರಿ, ಬ್ಲ್ಯಾಕ್ ಚರ್ಚಿನವರಿಗೆ 1862ರಲ್ಲಿ ಲಿಂಕನ್‌ನ ಗುಲಾಮರ ಬಿಡುಗಡೆ ಘೋಷಣೆಗೆ ಕಾದು ಕೂತ ರಾತ್ರಿ. ಮಾರನೇ ದಿನ ತೋಟದ್ದೇ ಅಲಸಂದೆ, ಕಾಲರ್ಡ್ ಸೊಪ್ಪಿನ ಊಟ.

ಇನ್ನೂ ಆಗದೇ ಇರೋದು ಒಂದಿದೆ. ಲೀಸ್ ಅಂದ್ರೆ ಅವಧಿ ಮುಗಿಯೋದೇ, ಜಾಗವನ್ನ ಬ್ಲ್ಯಾಕ್ ಚರ್ಚಿನ ಹೆಸರಿಗೇ ಮಾಡಿಕೊಡ್ಬೇಕು ಅಂತ ನಾವು ಕೆಲವರು ಅರ್ಜಿ ಕೊಟ್ಟಿದೀವಿ. ಮೆಥಡಿಸ್ಟ್ ನಿಯಮದಲ್ಲಿ ಚರ್ಚಿನ ಆಸ್ತಿ ಒಂದು ಸಭೆಯ ಕೈಯಲ್ಲಿ ಮಾತ್ರ ಇರಲ್ಲ, ಸಭೆಯಲ್ಲಿ ವೋಟ್ ಆಗ್ಬೇಕು, ಜಿಲ್ಲಾ ಸೂಪರಿಂಟೆಂಡೆಂಟ್ ಒಪ್ಪಬೇಕು. ವೋಟ್ ಈ ವರ್ಷ ಇದೆ, ಅದಕ್ಕೆ ಈಗ ಮನೆಮನೆಗೆ ಹೋಗಿ ಮಾತಾಡ್ತಿದೀವಿ.