ಪಿಕಪ್ ಗಾಡಿಗೆ ಹೊಸ ಕ್ಯಾಟಲಿಟಿಕ್ ಕನ್ವರ್ಟರ್: ಎಳೆತ ಎಷ್ಟು ಮರಳಿತು?

ಹೊಗೆ ಪೈಪಿನಲ್ಲಿ ಕೂತು ವಿಷಾನಿಲ ಕಡಿಮೆ ಮಾಡುವ ಕನ್ವರ್ಟರ್ ಬದಲಿಸಿದರೆ ಎಂಜಿನ್ನಿಗೆ ಹೊಸ ಶಕ್ತಿಯೇನೂ ಬರದು. ಹಳೆಯದು ಕಟ್ಟಿಕೊಂಡಿದ್ದರೆ ಕಳೆದುಹೋದ ಎಳೆತ ವಾಪಸ್ ಬರುತ್ತದೆ. ಒಳಗಿನ ಬೆಲೆಬಾಳುವ ಲೋಹದ ಲೇಪ ಮಾತ್ರ ಸತ್ತು, ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಪಿ0420 ಕೋಡ್ ಗಾಡಿ ತೋರಿಸುತ್ತಿದ್ದರೆ ವಿಷಾನಿಲ ಕಡಿಮೆಯಾಗುತ್ತದೆ, ಓಟದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ನನ್ನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಪಿಕಪ್‌ನದು ಕಟ್ಟಿಕೊಂಡಿತ್ತು. ಲೋಡ್ ಹಾಕಿ ಶಿರಾಡಿ ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ ಎಳೆಯುತ್ತಿರಲಿಲ್ಲ. ಎಷ್ಟು ಒತ್ತಿದರೂ 3,000 ಆರ್‌ಪಿಎಂ ದಾಟದು. ಕನ್ವರ್ಟರಿನ ಮುಂದಿರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಷರ್ ಗೇಜ್ ಹಾಕಿದೆ. 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ಒಳಗಿರಬೇಕಾದದ್ದು 5 ತೋರಿಸಿತು. ಬಿಚ್ಚಿ ಟಾರ್ಚ್ ಬಿಟ್ಟರೆ, ಜೇನುಗೂಡಿನಂಥ ಸೆರಾಮಿಕ್ಕಿನ ಮುಖ ಕರಗಿ, ಕಣ್ಣುಗಳೆಲ್ಲ ಮುಚ್ಚಿ ಗಾಜಿನ ಹಾಗೆ ಹೊಳೆಯುತ್ತಿತ್ತು.

ಕರಗಿಸಿದ್ದು ಮೂರನೇ ಸಿಲಿಂಡರಿನ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್. ಅದು ಬಿಟ್ಟುಬಿಟ್ಟು ಮಿಸ್ ಹೊಡೆದಾಗೆಲ್ಲ ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಹೋಗಿ ಉರಿದಿದೆ. ಇದನ್ನು ಸರಿಮಾಡದೆ ಹೊಸದು ಕೂರಿಸಿದರೆ ಅದೂ ಹಾಗೇ ಹೋಗುತ್ತದೆ. ಆದ್ದರಿಂದ ಮೊದಲು ಕಾಯಿಲ್ ಮತ್ತು ನಾಲ್ಕೂ ಪ್ಲಗ್ ಬದಲಿಸಿದೆ. ಎಂಜಿನ್ ಆಯಿಲ್ ತಿನ್ನುತ್ತಿದ್ದರೆ, ಕೂಲಂಟ್ ಇಳಿಯುತ್ತಿದ್ದರೆ ಅದನ್ನೂ ಮೊದಲೇ ನೋಡಿ.

ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಹೊಡೆದಿಡಿ. ಬೆಳಿಗ್ಗೆ ಪೈಪ್ ತಣ್ಣಗಿದ್ದಾಗ ಬಿಚ್ಚಿ. ಗ್ಯಾಸ್ಕೆಟ್ ಹೊಸದೇ ಇರಲಿ. ಅದರ ಬದಲು ಸಾಮಾನ್ಯ ಸಿಲಿಕಾನ್ ಪೇಸ್ಟ್ ಬಳಿದರೆ ಅದರ ಆವಿಗೆ ಸೆನ್ಸರ್ ಕೆಡುತ್ತದೆ. ಸೆನ್ಸರಿಗೆ 22ರ ಪಾನ, ಬಿಗಿ ಸುಮಾರು 40 ನ್ಯೂಟನ್ ಮೀಟರ್. ಎಲ್ಲ ನಟ್ಟು ಕೈಬಿಗಿ ಕೂರಿಸಿ, ಪೈಪ್ ನೇರ ಮಾಡಿಕೊಂಡು ಕೊನೆಗೆ ಬಿಗಿಮಾಡಿ. ಇಲ್ಲದಿದ್ದರೆ ಪೈಪ್ ಚಾಸಿಗೆ ತಾಗಿ ಗಡಗಡ ಎನ್ನುತ್ತದೆ.

ಮೊದಲ ಸ್ಟಾರ್ಟಿಗೆ ಸ್ವಲ್ಪ ಹೊಗೆ, ಸುಟ್ಟ ವಾಸನೆ ಸಹಜ. ರೇಸ್ ಮಾಡದೆ ಹತ್ತು ನಿಮಿಷ ಐಡಲ್ ಬಿಡಿ. ಒಳಗೆ ಸೆರಾಮಿಕ್ಕಿನ ಸುತ್ತ ಇರುವ ಮ್ಯಾಟ್ ನಿಧಾನಕ್ಕೆ ಉಬ್ಬಿ ಅದನ್ನು ಹಿಡಿದುಕೊಳ್ಳಬೇಕು. ತಣಿದ ಮೇಲೆ ನಟ್ಟು ಇನ್ನೊಮ್ಮೆ ನೋಡಿ.

ಈಗ ಅದೇ 2,500ಕ್ಕೆ 1 ಪಿಎಸ್‌ಐ. ಅದೇ ಲೋಡು, ಅದೇ ಏರು, ಮೂರನೇ ಗೇರಿನಲ್ಲೇ ಹತ್ತುತ್ತದೆ. ಕನ್ವರ್ಟರಿನ ಹಿಂದಿರುವ ಆಕ್ಸಿಜನ್ ಸೆನ್ಸರ್ 0.6–0.7 ವೋಲ್ಟಿನಲ್ಲಿ ಸ್ಥಿರವಾಗಿದೆ. ಅದು ಮುಂದಿನ ಸೆನ್ಸರಿನ ಹಾಗೆ 0.1ರಿಂದ 0.9ಕ್ಕೆ ಕುಣಿಯತೊಡಗಿದರೆ ಲೇಪ ಮುಗಿಯಿತೆಂದೇ ಅರ್ಥ. ಅಗ್ಗದ, ಬೆಲೆಬಾಳುವ ಲೋಹ ಕಡಿಮೆಯಿರುವ ಕನ್ವರ್ಟರಿನಲ್ಲಿ ಆ ದಿನ ಬೇಗ ಬರುತ್ತದೆ.