ಲಿಂಕ್ ನೋಡಿ ಪೇಜ್‌ಗೆ ರ‍್ಯಾಂಕ್ ಕೊಡೋದು ಹೇಗೆ? ಪೇಪರ್ ಪೆನ್ ಹಿಡಿದು ನೀವೇ ಮಾಡಿ ನೋಡಿ

ಸರ್ಚ್ ಇಂಜಿನ್‌ನಲ್ಲಿ ಒಂದು ಪದ ಟೈಪ್ ಮಾಡಿದ್ರೆ ಅದಿರೋ ಪೇಜ್‌ಗಳು ಲಕ್ಷಗಟ್ಟಲೆ ಸಿಗತ್ವೆ, ಆದ್ರೆ ನಾವು ನೋಡೋದು ಮೇಲಿನ ನಾಲ್ಕೈದು ಮಾತ್ರ. ಆ ನಾಲ್ಕೈದು ಯಾವುದು ಅಂತ ತೀರ್ಮಾನ ಮಾಡೋದ್ರಲ್ಲಿ ಲಿಂಕ್‌ಗಳಿಗೆ ದೊಡ್ಡ ಪಾತ್ರ ಇದೆ. ಬೇರೆ ಪೇಜ್‌ಗಳಿಂದ ಜಾಸ್ತಿ ಲಿಂಕ್ ಬಂದಿದ್ರೆ ಪೇಜ್ ಮೇಲೆ ಬರತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಅದು ಅರ್ಧ ಮಾತ್ರ ನಿಜ. ಉಳಿದರ್ಧ ಏನು ಅಂತ ಗೊತ್ತಾಗ್ಬೇಕಂದ್ರೆ ಓದಿದ್ರೆ ಸಾಲದು, ಮೂರು ಪೇಜ್ ಇಟ್ಕೊಂಡು ಕೈಯಲ್ಲೇ ಲೆಕ್ಕ ಹಾಕ್ಬೇಕು. ಒಂದು ಕ್ಯಾಲ್ಕುಲೇಟರ್ ಇದ್ರೆ ಆಯ್ತು.

ಶುರು ಮಾಡೋ ಮುಂಚೆ ಸ್ವಲ್ಪ ಹಿನ್ನೆಲೆ. ಮೊದಮೊದಲ ಸರ್ಚ್ ಇಂಜಿನ್‌ಗಳು ಮುಖ್ಯವಾಗಿ ಪೇಜ್ ಒಳಗಿನ ಪದಗಳನ್ನೇ ನಂಬ್ತಿದ್ವು, ಹಾಗಾಗಿ ಒಂದೇ ಪದಾನ ನೂರು ಸಲ ತುಂಬಿಸಿ, ಬಿಳಿ ಬ್ಯಾಕ್‌ಗ್ರೌಂಡ್ ಮೇಲೆ ಬಿಳಿ ಅಕ್ಷರದಲ್ಲಿ ಬಚ್ಚಿಟ್ಟು ಮೇಲೆ ಬರೋರು ಇದ್ರು. 1996ರ ಹೊತ್ತಿಗೆ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಬೇರೆ ದಾರಿ ಹಿಡಿದ್ರು: ಒಂದು ಪೇಜ್ ತನ್ನ ಬಗ್ಗೆ ತಾನೇ ಏನು ಹೇಳ್ಕೊಳತ್ತೆ ಅನ್ನೋದ್ರ ಜೊತೆಗೆ ಬೇರೆಯವರು ಅದನ್ನ ಎಷ್ಟು ತೋರಿಸ್ತಾರೆ ಅಂತಾನೂ ನೋಡೋದು. ರಿಸರ್ಚ್ ಪೇಪರ್‌ಗಳಲ್ಲಿ ಒಬ್ಬರು ಇನ್ನೊಬ್ಬರ ಕೆಲಸಾನ ಉಲ್ಲೇಖ ಮಾಡ್ತಾರಲ್ಲ, ಅದನ್ನ ಎಣಿಸಿ ಮಹತ್ವ ಅಳೆಯೋ ಪದ್ಧತಿ ಆಗ್ಲೇ ಹಳೇದು, ಅದನ್ನೇ ಇವ್ರು ವೆಬ್‌ಗೆ ತಂದ್ರು. 1998ರಲ್ಲಿ ಇದ್ರ ಬಗ್ಗೆ ಪೇಪರ್ ಬರೆದ್ರು, ಆಗ ಅವ್ರ ಹತ್ರ ಇದ್ದಿದ್ದು ಸುಮಾರು 2.4 ಕೋಟಿ ಪೇಜ್. ಈ ಲೆಕ್ಕದ ಹೆಸರೇ ಪೇಜ್‌ರ‍್ಯಾಂಕ್.

ಸ್ಟೆಪ್ 1: ಪೇಪರ್ ಮೇಲೆ ಮೂರು ವೃತ್ತ ಬರೀರಿ, ಎ, ಬಿ, ಸಿ ಅಂತ ಹೆಸರು ಕೊಡಿ. ಎ ಇಂದ ಬಿಗೂ ಸಿಗೂ ಒಂದೊಂದು ಬಾಣ, ಬಿ ಇಂದ ಸಿಗೆ ಒಂದು, ಸಿ ಇಂದ ಎಗೆ ಒಂದು. ಬಾಣ ಅಂದ್ರೆ ಲಿಂಕ್.

ಸ್ಟೆಪ್ 2: ಮೂರಕ್ಕೂ ತಲಾ 1 ಅಂಕ ಕೊಡಿ. ಯಾರು ಮೇಲು ಅಂತ ಇನ್ನೂ ಗೊತ್ತಿಲ್ಲ, ಎಲ್ರೂ ಸಮ.

ಸ್ಟೆಪ್ 3: ಈಗ ಪ್ರತಿ ಪೇಜೂ ತನ್ನ ಅಂಕಾನ ತಾನು ಲಿಂಕ್ ಮಾಡಿರೋರಿಗೆ ಸಮವಾಗಿ ಹಂಚ್ಬೇಕು. ಎ ಇಬ್ಬರಿಗೆ ಲಿಂಕ್ ಕೊಟ್ಟಿದೆ, ಹಾಗಾಗಿ ಅರ್ಧರ್ಧ. ಬಿ ಮತ್ತು ಸಿ ಒಬ್ಬೊಬ್ಬರಿಗೇ ಕೊಟ್ಟಿರೋದ್ರಿಂದ ಪೂರ್ತಿ ಅಲ್ಲಿಗೇ. ಆದ್ರೆ ಬಂದಿದ್ದನ್ನ ಹಾಗೇ ಬರ್ಕೋಬೇಡಿ, 0.85ರಿಂದ ಗುಣಿಸಿ, ಆಮೇಲೆ 0.15 ಕೂಡಿಸಿ. ಈ 0.85 ಯಾಕೆ ಅಂತ ಮುಂದೆ ಹೇಳ್ತೀನಿ. ಮೊದಲ ಸುತ್ತಲ್ಲಿ ಎಗೆ 1, ಬಿಗೆ 0.575, ಸಿಗೆ 1.425 ಬರತ್ತೆ.

ಸ್ಟೆಪ್ 4: ಈ ಹೊಸ ಅಂಕ ಇಟ್ಕೊಂಡು ಮತ್ತೆ ಅದನ್ನೇ ಮಾಡಿ. ಎರಡನೇ ಸುತ್ತಲ್ಲಿ ಎ 1.36ಕ್ಕೆ ಏರತ್ತೆ, ಸಿ 1.06ಕ್ಕೆ ಇಳಿಯತ್ತೆ, ಮೂರನೇದ್ರಲ್ಲಿ ಮತ್ತೆ ಉಲ್ಟಾ. ಹೀಗೆ ಮೇಲೆ ಕೆಳಗೆ ಆಗ್ತಾ ಆಗ್ತಾ ಏರಿಳಿತ ಚಿಕ್ಕದಾಗಿ ಕೊನೆಗೆ ಎ 1.16, ಬಿ 0.64, ಸಿ 1.19 ಅಂತ ನಿಂತ್ಬಿಡತ್ತೆ, ಆಮೇಲೆ ಎಷ್ಟು ಸುತ್ತು ಹಾಕಿದ್ರೂ ಅಷ್ಟೇ. ಲ್ಯಾರಿ ಪೇಜ್ ಮತ್ತು ಬ್ರಿನ್ 32.2 ಕೋಟಿ ಲಿಂಕ್‌ಗಳ ಮೇಲೆ ಇದನ್ನ ಓಡಿಸಿದಾಗ ಸುಮಾರು 52 ಸುತ್ತಿಗೇ ಹೀಗೆ ನಿಂತಿತ್ತು, ನನಗಂತೂ ಇದು ಈಗ್ಲೂ ಬೆರಗು, ಅಷ್ಟು ದೊಡ್ಡ ಜಾಲ ಅಷ್ಟು ಕಮ್ಮಿ ಸುತ್ತಲ್ಲಿ ಒಂದು ಉತ್ತರಕ್ಕೆ ಬರೋದು.

ಈಗ ಪೇಪರ್ ಮೇಲಿರೋದನ್ನ ಸರಿಯಾಗಿ ನೋಡಿ. ಎಗೆ ಬಂದಿರೋದು ಒಂದೇ ಲಿಂಕ್, ಬಿಗೂ ಒಂದೇ ಲಿಂಕ್. ಆದ್ರೂ ಎ ಅಂಕ ಬಿಗಿಂತ ಹತ್ತಿರ ಹತ್ತಿರ ಎರಡರಷ್ಟು! ಯಾಕಂದ್ರೆ ಎಗೆ ಲಿಂಕ್ ಕೊಟ್ಟಿರೋ ಸಿ ತಾನೇ ತೂಕದ ಪೇಜು, ಮತ್ತೆ ಅದು ತನ್ನ ತೂಕಾನ ಬೇರೆ ಯಾರಿಗೂ ಹಂಚಿಲ್ಲ. ಬಿಗೆ ಸಿಕ್ಕಿದ್ದು ಎ ಹಂಚಿದ ಅರ್ಧ ಪಾಲು. ಎಷ್ಟು ಲಿಂಕ್ ಅನ್ನೋದಕ್ಕಿಂತ ಯಾರು ಕೊಟ್ರು, ಅವ್ರು ಇನ್ನೆಷ್ಟು ಜನಕ್ಕೆ ಕೊಟ್ಟಿದಾರೆ ಅನ್ನೋದೇ ಇಲ್ಲಿ ನಡೆಯೋದು, ಸಾವಿರ ಪಾಳುಬಿದ್ದ ಪೇಜ್‌ಗಳ ಲಿಂಕ್‌ಗಿಂತ ಒಂದು ಒಳ್ಳೆ ಕಡೆಯ ಲಿಂಕ್ ಭಾರ ಆಗ್ಬಹುದು.

0.85ರ ವಿಷ್ಯ. ಒಬ್ಬ ಮನುಷ್ಯ ಸುಮ್ನೆ ಸಿಕ್ಕ ಸಿಕ್ಕ ಲಿಂಕ್ ಒತ್ತುತ್ತಾ ಹೋಗ್ತಿದಾನೆ ಅಂದ್ಕೊಳ್ಳಿ. 100ರಲ್ಲಿ 85 ಸಲ ಮುಂದಿನ ಲಿಂಕ್ ಒತ್ತುತ್ತಾನೆ, 15 ಸಲ ಬೇಜಾರಾಗಿ ಎಲ್ಲೋ ಬೇರೆ ಪೇಜ್‌ಗೆ ಹಾರ್ತಾನೆ. ಅವನು ಯಾವ ಪೇಜಲ್ಲಿ ಎಷ್ಟು ಹೊತ್ತು ಕಳೀತಾನೋ ಅದೇ ಅದ್ರ ಅಂಕ. ಈ ಹಾರೋದು ಇಲ್ದೇ ಇದ್ರೆ ಎರಡು ಪೇಜ್ ಬರೀ ಒಂದಕ್ಕೊಂದು ಲಿಂಕ್ ಹಾಕ್ಕೊಂಡು ಕೂತ್ರೆ ಹೊರಗಿಂದ ಬಂದ ಅಂಕ ಎಲ್ಲಾ ಅಲ್ಲೇ ಸಿಕ್ಕಿಹಾಕ್ಕೊಂಡು ಬಿಡತ್ತೆ. ಇನ್ನು ಹೊರಗೆ ಲಿಂಕೇ ಇಲ್ಲದ ಪೇಜ್ ಇದ್ರೆ ಅದು ಎಲ್ಲಾ ಪೇಜ್‌ಗೂ ಲಿಂಕ್ ಮಾಡಿದೆ ಅಂತ ಲೆಕ್ಕ ಹಿಡಿಯೋದು ರೂಢಿ.

ಲಿಂಕ್‌ಗೆ ಬೆಲೆ ಇದೆ ಅಂತ ಗೊತ್ತಾದ ಮೇಲೆ ಮೋಸ ಬರದೇ ಇರತ್ತಾ, ಲಿಂಕ್ ಮಾರೋರು, ನೂರಾರು ಖಾಲಿ ಸೈಟ್ ಕಟ್ಟಿ ಒಂದಕ್ಕೊಂದು ಲಿಂಕ್ ಹಾಕೋರು ಹುಟ್ಕೊಂಡ್ರು. 2005ರಲ್ಲಿ ನೋಫಾಲೋ ಅನ್ನೋ ಗುರುತು ಬಂತು, ಅದನ್ನ ಹಾಕಿದ್ರೆ ಈ ಲಿಂಕಿಗೆ ನಾನು ಜಾಮೀನಲ್ಲ ಅಂತ ಸರ್ಚ್ ಇಂಜಿನ್‌ಗೆ ಹೇಳಿದ ಹಾಗೆ. 2012ರಲ್ಲಿ ಗೂಗಲ್ ಪೆಂಗ್ವಿನ್ ಅನ್ನೋ ಅಪ್‌ಡೇಟ್ ತಂದು ಇಂಥ ಲಿಂಕ್‌ಗಳನ್ನ ನೆಚ್ಕೊಂಡಿದ್ದ ಸೈಟ್‌ಗಳನ್ನ ಕೆಳಗಿಳಿಸ್ತು. ದುಡ್ಡು ಕೊಟ್ಟು ಲಿಂಕ್ ತಗೊಳ್ಳೋದು ಬೇಡವೇ ಬೇಡ ಅಂತ ನಾನು ಹೇಳೋದು ಇದಕ್ಕೇ.

ಇವತ್ತು ಲಿಂಕ್ ಅನ್ನೋದು ಹಲವು ಸಂಕೇತಗಳಲ್ಲಿ ಒಂದು, ಪೇಜ್‌ನಲ್ಲಿರೋ ವಿಷ್ಯ, ಹುಡುಕೋರ ಭಾಷೆ, ಇರೋ ಜಾಗ ಎಲ್ಲಾ ಸೇರತ್ತೆ. ನಿಮ್ಮದೇ ಸೈಟ್ ಇದ್ರೆ ಗೂಗಲ್ ಸರ್ಚ್ ಕನ್ಸೋಲ್ (ಸೈಟ್ ನಡೆಸೋರಿಗೆ ಗೂಗಲ್ ಕೊಡೋ ಟೂಲ್) ಓಪನ್ ಮಾಡಿ ಲಿಂಕ್ಸ್ ಅನ್ನೋ ರಿಪೋರ್ಟ್ ನೋಡಿ, ಹೊರಗಿಂದ ಯಾರು ಲಿಂಕ್ ಕೊಟ್ಟಿದಾರೆ, ಒಳಗೆ ಯಾವ ಪೇಜ್‌ಗೆ ಎಷ್ಟು ಲಿಂಕ್ ಇದೆ ಅಂತ ಎರಡೂ ಕಾಣತ್ತೆ. ಹೊರಗಿನ ಲಿಂಕ್ ನಮ್ಮ ಕೈಲಿಲ್ಲ, ಒಳಗಿಂದು ಇದೆ. ಚೆನ್ನಾಗಿ ಬರೆದ ಒಂದು ಪೇಜ್‌ಗೆ ನಿಮ್ಮ ಸೈಟ್ ಒಳಗಿಂದಾನೇ ಒಂದೂ ಲಿಂಕ್ ಇಲ್ಲ ಅಂದ್ರೆ ಮೊದಲು ಹೋಮ್ ಪೇಜ್‌ನಿಂದ ಅದಕ್ಕೊಂದು ಲಿಂಕ್ ಹಾಕಿ.