ಫೋನಿನ ಸೆನ್ಸರ್ ಸರಿಯಾಗಿದೆಯಾ? ಸೈಕಲ್ ಚಕ್ರಕ್ಕೆ ಕಟ್ಟಿ ನೋಡಿ

ಹತ್ತು ಮಹಡಿಯ ಕಟ್ಟಡ ಒಮ್ಮೆ ಆಚೆ ಈಚೆ ತೂಗಲು ಸುಮಾರು 1 ಸೆಕೆಂಡ್ ಬೇಕು. ಇನ್ನೂ ಎತ್ತರದವು ಮತ್ತೂ ನಿಧಾನ. ಇಂಥ ಅಲುಗಾಟವನ್ನು ಫೋನಿನಿಂದ ಅಳೆಯುವ ಮೊದಲು ಅದರೊಳಗಿನ ಆಕ್ಸೆಲೆರೋಮೀಟರ್ (ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರವನ್ನು ಅಳೆಯುವ ಸೆನ್ಸರ್) ನಂಬಿಕಸ್ತವಾ ಎಂದು ನೋಡಿಕೊಳ್ಳಬೇಕು.

ಮೇಜಿನ ಮೇಲಿಟ್ಟು ಅಲ್ಲಾಡಿಸಿದರೆ ಸಾಕಲ್ವಾ? ಸಾಲದು. 1 ಸೆಂ.ಮೀ.ನಷ್ಟು ಆಚೀಚೆ, ಸೆಕೆಂಡಿಗೆ 10 ಸಲ ಅಲ್ಲಾಡಿಸಿದರೆ ಗುರುತ್ವದ 4 ಪಟ್ಟು ವೇಗೋತ್ಕರ್ಷ ಸಿಗುತ್ತದೆ. ಅದೇ 1 ಸೆಂ.ಮೀ.ಯನ್ನು 10 ಸೆಕೆಂಡಿಗೊಮ್ಮೆ ಅಲ್ಲಾಡಿಸಿ, ಸಿಗುವುದು ಬರೀ 0.004 ಮೀ/ಸೆ². ಮೇಜು 1 ಡಿಗ್ರಿ ವಾಲಿದರೂ ಗುರುತ್ವದಿಂದ 0.17 ಬಂದು ಸೇರಿಕೊಳ್ಳುತ್ತದೆ. ಅಂದರೆ ತಪ್ಪೇ 40 ಪಟ್ಟು ಜಾಸ್ತಿ! ಹಾಗಾಗಿ ಕಾಟ ಕೊಡುವ ಗುರುತ್ವವನ್ನೇ ಅಳತೆಗೋಲು ಮಾಡಿಕೊಳ್ಳೋಣ.

ಫೈಫಾಕ್ಸ್ ಆ್ಯಪ್ ಹಾಕಿಕೊಳ್ಳಿ. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ್ದು, ಉಚಿತ. ಅದರಲ್ಲಿ ಗುರುತ್ವ ಸೇರಿಸಿದ ವೇಗೋತ್ಕರ್ಷವನ್ನೇ ಆರಿಸಿ. ಗುರುತ್ವ ಕಳೆದದ್ದು ಇಲ್ಲಿ ಕೆಲಸಕ್ಕೆ ಬಾರದು. ಸೆನ್ಸರ್ ಬಿಸಿಯೇರಿದರೆ ಅಂಕಿ ಸರಿದಾಡುತ್ತದೆ, ಆದ್ದರಿಂದ ಕೆಲವು ನಿಮಿಷ ಸುಮ್ನೆ ಓಡಲು ಬಿಡಿ.

ಈಗ ದಪ್ಪ ಪುಸ್ತಕಕ್ಕೆ ಒರಗಿಸಿ ಫೋನನ್ನು ಉದ್ದದ ಅಂಚಿನ ಮೇಲೆ ನಿಲ್ಲಿಸಿ. ಎಕ್ಸ್ ಅಕ್ಷದ, ಅಂದರೆ ಫೋನಿನ ಅಗಲದ ದಿಕ್ಕಿನ, ಅಂಕಿ ಬರೆದುಕೊಳ್ಳಿ. ಇನ್ನೊಂದು ಅಂಚಿನ ಮೇಲೆ ತಿರುಗಿಸಿ ನಿಲ್ಲಿಸಿ, ಮತ್ತೆ ಬರೆಯಿರಿ. 9.92 ಮತ್ತು −9.70 ಬಂತು ಅನ್ನೋಣ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 0.11. ಅಷ್ಟು ಸೆನ್ಸರ್ ಸುಮ್ಮನೆ ಸೇರಿಸಿ ಹೇಳುತ್ತಿದೆ. ಅಂತರದ ಅರ್ಧ 9.81. ಬೆಂಗಳೂರಿನ ಗುರುತ್ವ ಸುಮಾರು 9.78, ಹಾಗಾಗಿ ಸೆನ್ಸರ್ ಶೇ 0.3ರಷ್ಟು ಹೆಚ್ಚು ತೋರಿಸುತ್ತಿದೆ. ಪಕ್ಕದ ಬಟನ್‌ನಿಂದ ಫೋನು ಒಂದು ಡಿಗ್ರಿ ವಾಲಿದರೆ ತಲೆ ಕೆಡಿಸಿಕೊಳ್ಳಬೇಡಿ. ನೇರ ಕೆಳಮುಖದ ಅಳತೆಯಲ್ಲಿ ಅದರಿಂದ ಆಗುವ ವ್ಯತ್ಯಾಸ 0.0015 ಮಾತ್ರ.

ಇದು ನಿಂತಲ್ಲಿನ ಪರೀಕ್ಷೆ. ಚಲನೆಗೆ ಸೈಕಲ್ ಬೇಕು. ತಲೆಕೆಳಗಾಗಿ ನಿಲ್ಲಿಸಿ, ಮುಂದಿನ ಚಕ್ರದ ಅಚ್ಚು ಮಟ್ಟವಾಗಿದೆಯಾ ಎಂದು ರಸಮಟ್ಟ ಇಟ್ಟು ನೋಡಿ. ಫೋನನ್ನು ಹಬ್ ಹತ್ತಿರ, ಸ್ಪೋಕಿನ ಉದ್ದಕ್ಕೆ, ಹಳೆ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಎದುರು ಬದಿಗೆ ಅಷ್ಟೇ ದೂರದಲ್ಲಿ ಅಷ್ಟೇ ತೂಕದ ಮರಳಿನ ಪೊಟ್ಟಣ ಕಟ್ಟಲೇಬೇಕು. ಇಲ್ಲದಿದ್ದರೆ ಫೋನಿನ ಬದಿ ಕೆಳಗಿಳಿಯುವಾಗ ಚಕ್ರ ಓಡುತ್ತದೆ, ಮೇಲೇರುವಾಗ ತಿಣುಕುತ್ತದೆ. ಚಕ್ರವನ್ನು ಎಲ್ಲಿ ಬಿಟ್ಟರೂ ಅಲ್ಲೇ ನಿಂತರೆ ತೂಕ ಸರಿಯಾಯಿತು.

ರೆಕಾರ್ಡಿಂಗ್ ಶುರು ಮಾಡಿ, 2 ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿ. ಎಕ್ಸ್ ಅಕ್ಷದಲ್ಲಿ ಅಲೆ ಮೂಡುತ್ತದೆ. ಅದರ ಮೇಲ್ತುದಿ, ಕೆಳತುದಿಗಳ ಅಂತರದ ಅರ್ಧ ಮತ್ತೆ 9.81ರ ಆಸುಪಾಸು ಇರಬೇಕು. ವೈ ಅಕ್ಷದ (ಫೋನಿನ ಉದ್ದದ ದಿಕ್ಕಿನ) ಅಲೆ ಒಂದು ಕಡೆಗೆ ಸರಿದಿರುತ್ತದೆ, ಅದು ಸುತ್ತುವುದರಿಂದ ಬಂದದ್ದು, ದೋಷವಲ್ಲ.

ನಂತರ 4 ಸೆಕೆಂಡಿಗೆ ಒಂದು ಸುತ್ತು. ಆಮೇಲೆ 10 ಸೆಕೆಂಡಿಗೆ ಒಂದು, ಅಷ್ಟು ನಿಧಾನಕ್ಕೆ ಕೈಯಲ್ಲೇ ಹಿಡಿದು ತಿರುಗಿಸಿ. ವೇಗ ಸ್ವಲ್ಪ ಹೆಚ್ಚುಕಡಿಮೆ ಆದರೂ ತುದಿಯ ಅಂಕಿ ಅಷ್ಟಾಗಿ ಬದಲಾಗದು. ನಿಧಾನವಾದಂತೆ ಅಲೆ ಕುಗ್ಗುತ್ತಾ ಹೋದರೆ ಎಲ್ಲೋ ಒಂದು ಫಿಲ್ಟರ್ ನಿಧಾನದ ಚಲನೆಯನ್ನು ಕತ್ತರಿಸುತ್ತಿದೆ ಎಂದೇ ಅರ್ಥ. ಕಾರ್ಖಾನೆಯ ಮೋಟಾರುಗಳಿಗೆ ಅಂಟಿಸುವ ಪೀಜೋ ಸೆನ್ಸರುಗಳು (ಒತ್ತಿದಾಗ ವಿದ್ಯುತ್ ಹುಟ್ಟಿಸುವ ಹರಳಿನವು) ಹುಟ್ಟಿನಿಂದಲೇ ಹೀಗೆ. ಅವು ಸ್ಥಿರ ಗುರುತ್ವವನ್ನು ಗುರುತಿಸುವುದಿಲ್ಲ, ಪುಸ್ತಕಕ್ಕೆ ಒರಗಿಸುವ ಪರೀಕ್ಷೆ ಅವಕ್ಕೆ ನಡೆಯದು.